ಎಂಜಲು ಹಚ್ಚಿದ ಎದೆಪಟ್ಟಿ

ರಾಗಿಗುಡ್ಡ ಅಂದರೆ ಬೆಂಗಳೂರಿನವರಿಗೆ ಜಯನಗರದ ಆಂಜನೇಯ. ನಮ್ಮ ಶಿವಮೊಗ್ಗದ ರಾಗಿಗುಡ್ಡ ಬೇರೆ. ಇಲ್ಲಿ ಬೆಳಗ್ಗೆ ಏರು ಹತ್ತಿ ಓಡುವವರಿಗೆ ದೇವರು ನೆನಪಾಗುವುದು ಅರ್ಧ ದಾರಿಯಲ್ಲಿ. ಮಾಘದ ಒಂದು ಬೆಳಗ್ಗೆ ನಾನಿನ್ನೂ ಬುಡದಲ್ಲೇ ಕೂತು ಶೂ ದಾರ ಬಿಗಿಯುತ್ತಿದ್ದೆ. ಕೈಯ ವಾಚು ಎದೆಬಡಿತ 214 ಎಂದು ತೋರಿಸಿತು! ಐವತ್ತು ದಾಟಿದವನ ಗುಂಡಿಗೆ ಕೂತಲ್ಲೇ ಅಷ್ಟು ಬಡಿದರೆ ಹೋಗಬೇಕಾದ್ದು ಗುಡ್ಡಕ್ಕಲ್ಲ, ಆಸ್ಪತ್ರೆಗೆ. ಕತ್ತಿನ ಪಕ್ಕ ಬೆರಳಿಟ್ಟು ಎಣಿಸಿದೆ. 15 ಸೆಕೆಂಡಿಗೆ 18. ಅಂದರೆ ನಿಮಿಷಕ್ಕೆ 72. ಸುಳ್ಳು ಹೇಳಿದ್ದು, ಬಡಿತ ಎಣಿಸಿ ವಾಚಿಗೆ ಕಳಿಸಲೆಂದು ಎದೆಗೆ ಕಟ್ಟಿದ್ದ ಪಟ್ಟಿ.

ಪಟ್ಟಿಯನ್ನೂ ಪೂರ್ತಿ ದೂರುವಂತಿಲ್ಲ. ಹೃದಯದ ಕೆಳಕೋಣೆಗಳು ಹಿಂಡುವ ಮೊದಲು ಸ್ನಾಯುವಿನಲ್ಲಿ ವಿದ್ಯುತ್ತಿನ ಒಂದು ಅಲೆ ಹಾಯುತ್ತದೆ. ಅದು ಎದೆಯ ಚರ್ಮಕ್ಕೆ ಬರುವ ಹೊತ್ತಿಗೆ ಹೆಚ್ಚುಕಮ್ಮಿ ಒಂದು ಮಿಲಿವೋಲ್ಟ್. ಟಾರ್ಚಿನ ಸೆಲ್ಲಿನ ಒಂದೂವರೆ ಸಾವಿರದಲ್ಲಿ ಒಂದು ಪಾಲು. ಪಟ್ಟಿಯ ಒಳಮೈಯಲ್ಲಿ ಎಡಕ್ಕೊಂದು ಬಲಕ್ಕೊಂದು ವಿದ್ಯುತ್ ಹರಿಯುವ ರಬ್ಬರು ಅಥವಾ ಬಟ್ಟೆಯ ತುಂಡು ಇರುತ್ತದೆ. ನಡುವಿನ ಬಿಲ್ಲೆ ಈ ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಹಿಗ್ಗಿಸಿ, ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಎಷ್ಟು ಹೊತ್ತು ಎಂದು ಅಳೆಯುತ್ತದೆ. ಅರ್ಧ ಸೆಕೆಂಡಾದರೆ 120. ಆದರೆ ಒಣಚರ್ಮದ ಮೇಲೆ ಒಣಪಟ್ಟಿ ಕೂತರೆ ಆ ಒಂದು ಮಿಲಿವೋಲ್ಟ್ ಒಳಗೆ ದಾಟುವುದೇ ಕಷ್ಟ. ಮೇಲೆ ನೈಲಾನ್ ಜೆರ್ಸಿ ಉಜ್ಜಿದರಂತೂ, ಸ್ವೆಟರ್ ಬಿಚ್ಚುವಾಗ ಚಟಚಟ ಎನ್ನುವ ಅದೇ ವಿದ್ಯುತ್ತು ಹೃದಯದ ದನಿಯನ್ನು ನುಂಗಿಬಿಡುತ್ತದೆ. ನನ್ನ 214 ಹುಟ್ಟಿದ್ದು ಹಾಗೆ. ಎರಡು ತಿರುವು ಓಡಿ ಬೆವರು ಬಂದ ಮೇಲೆ ಲೆಕ್ಕ ತಾನೇ ಸರಿಹೋಯಿತು.

ಬೆವರೆಂದರೆ ಉಪ್ಪುನೀರೇ. ಚರ್ಮದಿಂದ ವಿದ್ಯುತ್ತು ದಾಟಿಸಲು ಉಪ್ಪುನೀರು ಬಳಸುವ ಉಪಾಯ ಹಳೆಯದು. ಲಂಡನ್ನಿನ ಅಗಸ್ಟಸ್ ವಾಲರ್ 1887ರಲ್ಲಿ ಮನುಷ್ಯ ಹೃದಯದ ವಿದ್ಯುತ್ತನ್ನು ಮೊದಲ ಸಲ ಮೈಮೇಲಿಂದಲೇ ದಾಖಲಿಸಿದವನು. ಅವನು ಸಾಕಿದ ಬುಲ್‌ಡಾಗ್ ಜಿಮ್ಮಿ ಉಪ್ಪುನೀರಿನ ಜಾಡಿಗಳಲ್ಲಿ ಕಾಲಿಟ್ಟುಕೊಂಡು, ವಿದ್ವಾಂಸರ ಮುಂದೆ ಗಂಭೀರವಾಗಿ ನಿಲ್ಲುತ್ತಿತ್ತು. ಮುಂದೆ ಹಾಲೆಂಡಿನ ವಿಲೆಮ್ ಐಂಥೋವೆನ್ ಕಟ್ಟಿದ ಇಸಿಜಿ ಯಂತ್ರ ಸುಮಾರು 270 ಕೆ.ಜಿ. ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ಅಲ್ಲೂ ರೋಗಿಯ ಕೈಕಾಲು ಉಪ್ಪುನೀರಿನಲ್ಲಿ. ಅವನಿಗೆ 1924ರಲ್ಲಿ ನೊಬೆಲ್ ಬಂತು. ಆ ಯಂತ್ರದ ಕೆಲಸವನ್ನು ಓಟಗಾರನ ಎದೆಗೆ ಇಳಿಸಿದ್ದು ಫಿನ್ಲೆಂಡಿನವರು. ಔಲು ಊರಿನ ಪ್ರಾಧ್ಯಾಪಕ ಸೆಪ್ಪೊ ಸೈನಾಯಾಕಂಗಸ್ 1977ರಲ್ಲಿ ಶುರುಮಾಡಿದ ಪೋಲಾರ್ ಕಂಪನಿ, 1982ರಲ್ಲಿ ತಂತಿಯಿಲ್ಲದ ಎದೆಬಡಿತ ಮಾಪಕವನ್ನು ಹೊರತಂದಿತು.

ಉಪ್ಪುನೀರಿನ ಜಾಡಿ ಹೊತ್ತು ಗುಡ್ಡ ಹತ್ತಲಾದೀತೆ? ಹಾಗಾಗಿ ಓಟಗಾರರು ಎಂಜಲು ಹಚ್ಚುತ್ತಾರೆ. ನಾನು ಮೊದಲ ಸಲ ಹಚ್ಚಿದಾಗ ಅಮ್ಮ ನೋಡಿಬಿಟ್ಟರು. "ಥೂ, ಎಂಜಲು ಬಳ್ಕಂಡು ಎದೆಗೆ ಕಟ್ಕಂತೀಯಲ್ಲೋ!" ಅಂದಿನಿಂದ ಹಿತ್ತಿಲ ನಲ್ಲಿಯ ನೀರು. ಕೆಲಸ ಎರಡರಿಂದಲೂ ಆಗುತ್ತದೆ.

ಕೈಯ ವಾಚಿನಲ್ಲೇ ಹಸಿರು ದೀಪ ಇದೆಯಲ್ಲ, ಪಟ್ಟಿ ಯಾಕೆ ಎನ್ನಬಹುದು. ಆ ದೀಪ ನೋಡುವುದು ವಿದ್ಯುತ್ತನ್ನಲ್ಲ, ಚರ್ಮದಡಿ ರಕ್ತ ಉಬ್ಬಿ ಇಳಿಯುವುದನ್ನು. ಕೂತಾಗ, ನಡೆಯುವಾಗ ಚೆನ್ನಾಗಿಯೇ ಎಣಿಸುತ್ತದೆ. ಓಡುವಾಗ ಕೈ ಬೀಸಿದಂತೆಲ್ಲ ರಕ್ತವೂ ವಾಚೂ ಕುಲುಕಿ, ಕೆಲವೊಮ್ಮೆ ಅದು ಹೃದಯ ಬಿಟ್ಟು ಹೆಜ್ಜೆಯನ್ನೇ ಎಣಿಸತೊಡಗುತ್ತದೆ. ನಿಮಿಷಕ್ಕೆ 170 ಹೆಜ್ಜೆ, 170 ಬಡಿತ. ನೋಡಿದವನಿಗೆ ಅನುಮಾನವೇ ಬರುವುದಿಲ್ಲ. ಇನ್ನು ಕಿಲೋಮೀಟರಿಗೆ ಎಷ್ಟು ನಿಮಿಷ ಎಂಬ ಲೆಕ್ಕ ಏರಿನಲ್ಲಿ ಕೈಕೊಡುತ್ತದೆ. ಸಮತಟ್ಟಿನಲ್ಲಿ ಏಳು ನಿಮಿಷಕ್ಕೆ ಮುಗಿಸುವುದನ್ನು ರಾಗಿಗುಡ್ಡದ ಏರಿನಲ್ಲಿ ಹತ್ತು ನಿಮಿಷ ಎಳೆಯುತ್ತೇನೆ, ಬಡಿತ ಮಾತ್ರ ಮೇಲೇ ಇರುತ್ತದೆ. ಅದೂ ತಡವಾಗಿ ಏರುತ್ತದೆ ಅನ್ನಿ. ಏರು ಶುರುವಾದ ಮೊದಲ ಅರ್ಧ ನಿಮಿಷದ ಅಂಕಿ ನಂಬಿ ಜೋರು ಮಾಡಿದವರು ಮೇಲೆ ಹೋಗಿ ಸೊಂಟ ಹಿಡಿದು ನಿಲ್ಲುತ್ತಾರೆ.

ಕೊಳ್ಳುವಾಗ ನಾನು ಬೆಲೆಗಿಂತ ಮೊದಲು ನೋಡುವುದು ಬಿಲ್ಲೆಯನ್ನು. ಟಿಚ್ ಬಟನ್ನಿನಿಂದ ಅದು ಪಟ್ಟಿಯಿಂದ ಬೇರೆಯಾಗಬೇಕು, ಸೆಲ್ ನಾವೇ ಬದಲಿಸುವಂತಿರಬೇಕು. ಬಹಳಷ್ಟರಲ್ಲಿ ಇರುವುದು ಸಿಆರ್ 2032, ನಮ್ಮೂರ ಗಾಂಧಿ ಬಜಾರಿನ ವಾಚ್ ಅಂಗಡಿಯಲ್ಲಿ ಕೇಳಿದರೆ ಸಿಗುವಂಥದ್ದು. ಬ್ಲೂಟೂತ್ ಇದ್ದರೆ ಫೋನಿಗೆ ಸಾಕು. ಹಳೆಯ ವಾಚಿದ್ದವರು ಆಂಟ್ ಪ್ಲಸ್ ಎಂಬ ಇನ್ನೊಂದು ತಂತಿಯಿಲ್ಲದ ಸಂಪರ್ಕ ಕೂಡ ಇದೆಯೇ ಕೇಳಿ. ಕಟ್ಟುವುದು ಎದೆಯ ಸ್ನಾಯುವಿನ ಕೆಳಗೆ, ದೀರ್ಘ ಉಸಿರೆಳೆದರೂ ಜಾರದಷ್ಟು ಬಿಗಿಯಾಗಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ವೈದ್ಯರನ್ನು ಕೇಳದೆ ಕಟ್ಟಬಾರದು.

ಅಂಕಿ ಬಂದ ಮೇಲೆ, ತಮ್ಮ ಹೃದಯ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಬಡಿಯಬಲ್ಲದು ಎಂದು ತಿಳಿಯಲು ಎಲ್ಲರೂ 220ರಲ್ಲಿ ವಯಸ್ಸು ಕಳೆಯುತ್ತಾರೆ. 1971ರಲ್ಲಿ ಫಾಕ್ಸ್ ಮತ್ತು ಹ್ಯಾಸ್ಕೆಲ್ ಹಲವು ಹಳೆಯ ಅಧ್ಯಯನಗಳ ಅಂಕಿಗಳ ನಡುವೆ ಎಳೆದ ಅಂದಾಜು ಗೆರೆ ಅದು. 2001ರಲ್ಲಿ ಟನಾಕಾ ಮತ್ತು ಸಂಗಡಿಗರು 208ರಲ್ಲಿ ವಯಸ್ಸಿನ 0.7 ಪಾಲು ಕಳೆಯಿರಿ ಎಂದರು. ಅರವತ್ತರವರಿಗೆ ಮೊದಲ ಸೂತ್ರ 160 ಕೊಟ್ಟರೆ ಎರಡನೆಯದು 166. ಒಂದೇ ವಯಸ್ಸಿನ ಇಬ್ಬರ ನಡುವೆ ಇದಕ್ಕಿಂತ ಹೆಚ್ಚು ಅಂತರ ಇರಬಲ್ಲದು. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯೇ ನೋಡಿ, ಆಗಿನ ಅಂಕಿ ಗುರುತಿಟ್ಟುಕೊಳ್ಳಿ. ನಿಧಾನ ಓಟಕ್ಕೆ ನಾನು ನಂಬುವುದು ಅದನ್ನೇ. ಎದೆನೋವೋ ತಲೆಸುತ್ತೋ ಬಂದರೆ ಅಂಕಿ ಎಷ್ಟೇ ಇರಲಿ, ಓಟ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು.

ಮನೆಗೆ ಬಂದಮೇಲೆ ಬಿಲ್ಲೆ ಬಿಚ್ಚಿ ಪಟ್ಟಿಯನ್ನು ತಣ್ಣೀರಲ್ಲಿ ಜಾಲಿಸಬೇಕು, ಇಲ್ಲದಿದ್ದರೆ ಬೆವರಿನ ಉಪ್ಪು ಲೋಹದ ಗುಂಡಿಗಳನ್ನು ತಿನ್ನುತ್ತದೆ. ಒಂದು ಮಳೆಗಾಲ ನಾನು ಬಿಲ್ಲೆ ಬಿಚ್ಚದೆಯೇ ಪಟ್ಟಿಯನ್ನು ಬಚ್ಚಲಮನೆಯ ಹಗ್ಗಕ್ಕೆ ಹಾಕುತ್ತಿದ್ದೆ. ಆಷಾಢದಲ್ಲಿ ಅದು ಒಣಗುವುದೆಲ್ಲಿ ಬಂತು? ಒದ್ದೆ ಬಟ್ಟೆಯನ್ನೇ ಎದೆ ಎಂದುಕೊಂಡು ಬಿಲ್ಲೆ ಎಚ್ಚರವಾಗಿಯೇ ಇತ್ತು. ವರ್ಷ ಬರಬೇಕಾದ ಸೆಲ್ಲು ಶ್ರಾವಣಕ್ಕೆ ಖಾಲಿ.