ಹೆಬ್ಬೆರಳಲ್ಲಿ ಬಿಡಿಸಿದ ಸೂರ್ಯೋದಯ

ಬ್ರಿಟನ್ನಿನ ಹೆಸರಾಂತ ಕಲಾವಿದ ಡೇವಿಡ್ ಹಾಕ್ನಿ ಫೋನಿನಲ್ಲಿ ಚಿತ್ರ ಬಿಡಿಸಲು ಶುರು ಮಾಡಿದ್ದು ಎಪ್ಪತ್ತು ದಾಟಿದ ಮೇಲೆ. ಐಫೋನಿಗೆ ‘ಬ್ರಷಸ್’ ಎಂಬ ಆ್ಯಪ್ ಹಾಕಿಕೊಂಡು, ಬ್ರಿಡ್ಲಿಂಗ್ಟನ್ ಊರಿನ ಮನೆಯಲ್ಲಿ ಹಾಸಿಗೆಯಿಂದಲೇ ಕಿಟಕಿಯಾಚೆಯ ಸೂರ್ಯೋದಯವನ್ನು ಹೆಬ್ಬೆರಳಿನಿಂದ ಬಿಡಿಸುತ್ತಿದ್ದರು. ಬಣ್ಣ ಕಲೆಸುವ ಹೊತ್ತಿಗೆ ಮುಂಜಾವಿನ ಬೆಳಕು ಜಾರಿಹೋಗುತ್ತದೆ. ಕಾಗದ ಕಾಣಲೆಂದು ದೀಪ ಹಾಕಿದರೆ ಹೊರಗಿನ ನಸುಗೆಂಪು ಮಾಯ. ಫೋನಿನ ಪರದೆಗೆ ತನ್ನದೇ ಬೆಳಕಿದ್ದುದರಿಂದ ಆ ತೊಡಕೇ ಇರಲಿಲ್ಲ. ಬಿಡಿಸಿದ್ದು ಗೆಳೆಯರಿಗೆ ಇಮೇಲಿನಲ್ಲಿ ಹೋಗುತ್ತಿತ್ತು.

2010ರಲ್ಲಿ ಐಪ್ಯಾಡ್ ಬಂದದ್ದೇ ತಡ, ಅದು ಅವರ ಸ್ಕೆಚ್ ಪುಸ್ತಕವಾಯಿತು. 2011ರಲ್ಲಿ ಯಾರ್ಕ್‌ಷೈರಿನ ವೋಲ್ಡ್‌ಗೇಟ್ ರಸ್ತೆಗೆ ವಸಂತ ಬಂದ ಬಗೆಯನ್ನು ಅದರಲ್ಲೇ ಸರಣಿಯಾಗಿ ಚಿತ್ರಿಸಿದರು. ಮರುವರ್ಷ ಆ ಚಿತ್ರಗಳು ದೊಡ್ಡದಾಗಿ ಮುದ್ರಣಗೊಂಡು ಲಂಡನ್ನಿನ ರಾಯಲ್ ಅಕಾಡೆಮಿಯ ಗೋಡೆಯೇರಿದವು.

ಹಾಕ್ನಿ ಹುಟ್ಟಾ ಚಿತ್ರಕಾರ, ಅವರ ಮಾತು ಬೇರೆ ಎನ್ನಬಹುದು. ಹಾಗಾದರೆ ಜಪಾನಿನ ತತ್ಸುವೊ ಹೊರಿಯುಚಿ ಅವರನ್ನು ನೋಡಿ. ನಿವೃತ್ತಿಯ ಹೊತ್ತಿಗೆ ಚಿತ್ರ ಬಿಡಿಸುವ ಆಸೆ ಹುಟ್ಟಿತು. ದುಬಾರಿ ತಂತ್ರಾಂಶ ಬೇಡವೆಂದು, ಲೆಕ್ಕಪತ್ರ ಬರೆಯುವ ಎಕ್ಸೆಲ್‌ನಲ್ಲೇ ಗೆರೆ ಜೋಡಿಸಿ ಬೆಟ್ಟ, ಚೆರ್ರಿ ಹೂಗಳನ್ನು ಅರಳಿಸಿದರು. ಅಮೆರಿಕದ ಹ್ಯಾಲ್ ಲಾಸ್ಕೊ ಅವರದು ಇನ್ನೂ ಮನಕಲಕುವ ಕತೆ. ವಯಸ್ಸಾಗಿ ಕಣ್ಣು ಮಂದವಾದ ಈ ನಿವೃತ್ತ ಅಕ್ಷರ ವಿನ್ಯಾಸಕ, ಕಂಪ್ಯೂಟರಿನ ‘ಪೇಂಟ್’ನಲ್ಲಿ ಚಿತ್ರವನ್ನು ಹಿಗ್ಗಿಸಿಕೊಂಡು ಚುಕ್ಕೆ ಚುಕ್ಕೆಯಾಗಿ ಬಣ್ಣ ತುಂಬುತ್ತ 97ರ ವಯಸ್ಸಿನಲ್ಲೂ ಬಿಡಿಸುತ್ತಿದ್ದರು.

ಹೀಗೆ ಪರದೆಯ ಮೇಲೆ ಚಿತ್ರ ಬಿಡಿಸಲು ಹೊರಟ ಹೊಸಬರಿಗೆ ಧೈರ್ಯ ಕೊಡುವುದು ಎರಡು ಸೌಲಭ್ಯ: ಲೇಯರ್ ಮತ್ತು ಅಂಡೂ. ಲೇಯರ್ ಎಂದರೆ ಒಂದರ ಮೇಲೊಂದಿಟ್ಟ ಪಾರದರ್ಶಕ ಹಾಳೆಯಂತೆ. ದಾಸವಾಳ ಬಿಡಿಸುವುದಾದರೆ ಕೆಳಗಿನ ಲೇಯರಿನಲ್ಲಿ ಪೆನ್ಸಿಲ್ ಗೆರೆ, ಅದರ ಮೇಲೆ ಎಸಳಿನ ಕೆಂಪು, ಅದಕ್ಕೂ ಮೇಲೆ ಕೇಸರದ ಹಳದಿ. ಹಳದಿ ಕೆಟ್ಟರೆ ಆ ಲೇಯರನ್ನಷ್ಟೇ ಅಳಿಸಿದರಾಯಿತು, ಕೆಂಪಿಗೆ ಏನೂ ಆಗದು. ಕೊನೆಗೆ ಪೆನ್ಸಿಲ್ ಗೆರೆಯನ್ನು ಮರೆಮಾಡಬಹುದು. ಅಂಡೂ ಒತ್ತಿದರೆ ಈಗಷ್ಟೇ ಎಳೆದ ಗೆರೆ ಮಾಯ. ಆದರೆ ಪ್ರತಿ ಗೆರೆಗೂ ಅದನ್ನು ಒತ್ತುವ ಚಟ ಹತ್ತಿದರೆ ಕೈ ಪಳಗುವುದಿಲ್ಲ. ಎಸಳಿನ ಬಾಗು ಎಲ್ಲಿ ತಿರುಗುತ್ತದೆ ಎಂದು ನೋಡುವ ಕೆಲಸ ಕಣ್ಣಿನದೇ, ಅದನ್ನು ಯಾವ ಆ್ಯಪ್ ಕೂಡ ಮಾಡಿಕೊಡದು.

ಖರ್ಚಿನ ಚಿಂತೆ ಮೊದಲಿಗೆ ಬೇಡ. ಕಂಪ್ಯೂಟರಿಗೆ ‘ಕ್ರಿಟಾ’ ಪೂರ್ತಿ ಉಚಿತ. ಫೋನಿನಲ್ಲಿ ‘ಐಬಿಸ್ ಪೇಂಟ್’ ಜಾಹೀರಾತುಗಳೊಂದಿಗೆ ಉಚಿತವಾಗಿ ಸಿಗುತ್ತದೆ. ರಬ್ಬರ್ ತುದಿಯ ಅಗ್ಗದ ಸ್ಟೈಲಸ್ ಕಡ್ಡಿ ಬೆರಳಿನ ಕೆಲಸ ಮಾಡುತ್ತದೆ, ಅಷ್ಟೇ. ಒತ್ತಿದಷ್ಟೂ ಗೆರೆ ದಪ್ಪವಾಗಬೇಕೆಂದರೆ ಒತ್ತಡ ಗುರುತಿಸುವ ಪೆನ್ನು, ಅದಕ್ಕೆ ಹೊಂದುವ ಟ್ಯಾಬ್ ಬೇಕು. ಹವ್ಯಾಸ ಕೈಗೆ ಹತ್ತಿದ ಮೇಲೆ ಕೊಂಡರೆ ಸಾಕು.

ಚಿತ್ರಕ್ಕೆ ಮುಂದೆ ಚೌಕಟ್ಟು ಹಾಕಿಸುವ ಮನಸ್ಸಿದ್ದರೆ ಕ್ಯಾನ್ವಾಸಿನ ಅಳತೆಯನ್ನು ಮೊದಲೇ ಆರಿಸಿಕೊಳ್ಳಿ. ಎ4 ಹಾಳೆಯಲ್ಲಿ ಸ್ಪಷ್ಟ ಮುದ್ರಣಕ್ಕೆ 2480×3508 ಪಿಕ್ಸೆಲ್ ಬೇಕು. ಪುಟ್ಟ ಅಳತೆಯಲ್ಲಿ ಬಿಡಿಸಿದ್ದನ್ನು ಆಮೇಲೆ ಹಿಗ್ಗಿಸಿದರೆ ಅಂಚುಗಳು ಮಸುಕಾಗುತ್ತವೆ.