ಆಟದ ಗ್ರಂಥದಲ್ಲಿ ಏನಿರಬೇಕು?

ಲಿನಕ್ಸ್ ಗಣಕಗಳಿಗೆ ಆಟಗಳನ್ನು ರಚಿಸುವ ವಿದ್ಯೆಯನ್ನು ಕುರಿತು ಗ್ರಂಥ ಬರೆಯಹೊರಟವರಿಗೆ ಮೊದಲ ತೊಡಕು ವಿಷಯಗಳ ಆಯ್ಕೆಯೇ. ಲೋಕಿ ಎಂಬ ಸಂಸ್ಥೆಯೂ ಜಾನ್ ಹಾಲ್ ಅವರೂ ಕೂಡಿ 2001ರಲ್ಲಿ ಇಂಥದೊಂದು ಗ್ರಂಥವನ್ನು ಹೊರತಂದರು. ಮರುವರ್ಷವೇ ಆ ಸಂಸ್ಥೆ ಮುಚ್ಚಿತು. ಅಂದು ಬಳಕೆಯಲ್ಲಿದ್ದ ಓಎಸ್ಎಸ್ ಎಂಬ ಧ್ವನಿವ್ಯವಸ್ಥೆಯ ಸ್ಥಾನಕ್ಕೆ ಮುಂದೆ ಆಲ್ಸಾ ಬಂದಿತು. ಚಿತ್ರ, ಧ್ವನಿಗಳನ್ನು ನಿರ್ವಹಿಸಲೆಂದು 1998ರಲ್ಲಿ ಸ್ಯಾಮ್ ಲಾಂಟಿಂಗಾ ರಚಿಸಿದ ಎಸ್‌ಡಿಎಲ್ ಇಂದಿಗೂ ಬಾಳಿದೆ. ಆದರೆ ರೂಪ ಬದಲಿಸಿಕೊಂಡು.

ಹಾಗಾದರೆ ಹಳತಾಗದ ವಿಷಯ ಯಾವುದು? ಕಾಲದ ಲೆಕ್ಕ ಅಂಥದು. ಪರದೆಯ ಮೇಲೆ ಚೆಂಡೊಂದು ಪ್ರತಿ ಚಿತ್ರಕ್ಕೂ 5 ಬಿಂದು ಸರಿಯಲೆಂದು ನಾವು ಬರೆದೆವೆನ್ನೋಣ. ಸೆಕೆಂಡಿಗೆ 60 ಚಿತ್ರ ಬಿಡಿಸುವ ಯಂತ್ರದಲ್ಲಿ ಅದು ಸೆಕೆಂಡಿಗೆ 300 ಬಿಂದು ಚಲಿಸುವುದು. 120 ಚಿತ್ರ ಬಿಡಿಸುವ ಯಂತ್ರದಲ್ಲಿ 600! ಆಟವೊಂದೇ, ವೇಗವೆರಡು. ಹಿಂದಿನ ಚಿತ್ರದಿಂದೀಚೆಗೆ ಕಳೆದ ಕಾಲವನ್ನು ಅಳೆದು, ಅದನ್ನು ವೇಗದಿಂದ ಗುಣಿಸಿ, ಬಂದ ದೂರದಷ್ಟೇ ಚೆಂಡನ್ನು ಸರಿಸಿದರೆ ಎರಡು ಯಂತ್ರಗಳಲ್ಲಿಯೂ ಅದರ ನಡೆ ಒಂದೇ ಆಗುವುದು.

ಆದುದರಿಂದ ಗ್ರಂಥದ ಹೆಚ್ಚಿನ ಪುಟಗಳು ಕಾಲ, ಚಲನೆ, ಘರ್ಷಣೆಗಳ ಲೆಕ್ಕಕ್ಕೆ ಸಲ್ಲಬೇಕೆಂದು ನಮ್ಮ ಅಭಿಪ್ರಾಯ. ಆಯಾ ಕಾಲದ ಸಲಕರಣೆಗಳಿಗೆ ಕೆಲವು ಪುಟಗಳು ಸಾಕು. ಸಲಕರಣೆಯನ್ನು ಮತ್ತೆ ಕಲಿಯಬಹುದು. ಲೆಕ್ಕವನ್ನರಿಯದವನಿಗೆ ಯಾವ ಸಲಕರಣೆಯೂ ಒದಗದು.