ಕುದುರೆ ನಿಂತಿರುವುದು ಉಗುರಿನ ಮೇಲೆ!

ಕುದುರೆಯ ಮುಂಗಾಲಿನ ನಡುವೆ ಗಂಟಿನಂತೆ ಕಾಣುತ್ತದಲ್ಲ, ಅದು ಮೊಣಕಾಲು ಅಂದುಕೊಂಡಿದ್ದೀರಾ? ಅಲ್ಲ, ಅದು ಮಣಿಕಟ್ಟು! ಅದರ ಕೆಳಗಿರುವುದು ಅಂಗೈ ಮೂಳೆ, ಆಮೇಲೆ ಒಂದೇ ಒಂದು ಬೆರಳು. ನಡುಬೆರಳು. ಗೊರಸು ಅಂದರೆ ಆ ಬೆರಳ ತುದಿಯ ಉಗುರು. ನಾನೂರು, ಐನೂರು ಕಿಲೋ ತೂಗುವ ಪ್ರಾಣಿ ನಿಂತಿರುವುದು ನಾಲ್ಕು ಉಗುರುಗಳ ಮೇಲೆ!

ಸುಮಾರು 5.5 ಕೋಟಿ ವರ್ಷಗಳ ಹಿಂದೆ ಇದರ ಪೂರ್ವಜ ನಾಯಿಯಷ್ಟೇ ಇತ್ತು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಹುಲ್ಲುಗಾವಲು ಹರಡಿತು, ಓಡಿದವರೇ ಬದುಕಿದರು. ಪಕ್ಕದ ಬೆರಳುಗಳು ಕುಗ್ಗುತ್ತಾ ಹೋದವು. ಅವುಗಳ ಗುರುತು ಈಗಲೂ ಇದೆ: ಕಾಲಿನ ಮುಖ್ಯ ಮೂಳೆಯ ಅಕ್ಕಪಕ್ಕ ಎರಡು ಸಣಕಲು ಮೂಳೆಗಳು.

ಹಾಗಾದರೆ ಲಾಳ ಹೊಡೆದಾಗ ನೋಯಲ್ವಾ? ಗೊರಸಿನ ಹೊರಗೋಡೆಯಲ್ಲಿ ನರಗಳಿಲ್ಲ. ಆದರೆ ಮೊಳೆ ಸ್ವಲ್ಪ ಒಳಕ್ಕೆ ಸರಿದರೂ ಕುದುರೆ ಕುಂಟುತ್ತದೆ. ಲಾಳ ಕಟ್ಟುವವರ ಕೈಚಳಕ ಗೊತ್ತಾಗುವುದೇ ಅಲ್ಲಿ.

ಇನ್ನು ನಿದ್ದೆ. ಹಿಂಗಾಲಿನ ಮಂಡಿಚಿಪ್ಪು ತೊಡೆಮೂಳೆಯ ಉಬ್ಬಿಗೆ ಸಿಕ್ಕಿಕೊಂಡು ಕಾಲು ಮಡಚದಂತೆ ತಡೆಯುತ್ತದೆ. ಅದಕ್ಕೇ ಕುದುರೆ ನಿಂತಲ್ಲೇ ತೂಕಡಿಸಬಲ್ಲದು. ಆದರೆ ಕಣ್ಣುಗುಡ್ಡೆ ಚಲಿಸುವ, ನಮಗೆ ಕನಸು ಬೀಳುವಂಥ ನಿದ್ದೆಗೆ ಅದೂ ಮಲಗಲೇಬೇಕು. ಹಾಗಾಗಿ, ಮಲಗಿದ ಕುದುರೆ ಅಂದರೆ ಕಾಯಿಲೆ ಬಿದ್ದ ಕುದುರೆ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ.